ತಾಯಿಯ ಎರಡು ಕೊಡುಗೆಗಳು

2025ರ ಆರಂಭದ ಕೆಲವು ತಿಂಗಳು ಈ ಪುಟದಲ್ಲಿ ನನ್ನ ಬರಹ ಕಾಣಿಸಿಕೊಳ್ಳಲಿಲ್ಲ. ಶ್ರೀಮಠಕ್ಕೆ ಬಂದ ಹಲವರು ಕಾರಣ ಕೇಳಿದರು. "ಆರೋಗ್ಯ ಸರಿಯಿರಲಿಲ್ಲ" ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಸುತ್ತಿದ್ದೆ. ಸ್ವಂತ ಶರೀರದ ಕಷ್ಟವನ್ನು ಹತ್ತು ಜನರ ಮುಂದೆ ಬಿಚ್ಚಿಡುವುದು ನನಗೆ ಒಗ್ಗದ ಕೆಲಸ. ಆದರೆ ಕೆಲವು ದಿನಗಳ ಹಿಂದೆ ಗದಗದ ಕಡೆಯ ತಂದೆಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದು ನನ್ನ ಮೇಜಿನ ಎದುರು ಕುಳಿತರು. "ಇವಗೂ ಕಿಡ್ನಿ ಹಾಕಿಸೇವ್ರಿ. ಹೊಸಾದು ಚಲೋ ಐತಿ. ಬಿಪಿ ಮಾತ್ರ ಇಳೀವಲ್ದು. ಹಳೇವು ಎರಡೂ ತಗಸ್ರಿ ಅಂತಾರ. ನೀವು ತಗಿಸಿಕೊಂಡೀರಂತ, ಖರೇ ಏನ್ರಿ?" ಎಂದು ಕೇಳಿದರು. ಆ ತಂದೆಯ ಕಣ್ಣಿನಲ್ಲಿದ್ದ ದಿಗಿಲನ್ನು ನಾನು ಮೊದಲೇ ಕಂಡಿದ್ದೆ. ಅದು ನನ್ನ ಅವ್ವನ ಕಣ್ಣಿನಲ್ಲಿದ್ದ ದಿಗಿಲು. ಅವರಿಗೆ ಅಂದು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ವಚನಕ್ಕೆ ಅರ್ಥ ಬರೆಯುವಾಗ ಪದಗಳನ್ನು ಬಿಡಿಸಿಕೊಂಡು, ಒಂದೊಂದೂ ಅಲ್ಲಿ ಏಕೆ ಬಂದಿದೆಯೆಂದು ಕೇಳಿಕೊಳ್ಳುವುದು ನನ್ನ ರೂಢಿ. 2024ರ ನವೆಂಬರಿನಲ್ಲಿ ನನ್ನ ವೈದ್ಯರು ಚೀಟಿಯಲ್ಲಿ ಬರೆದ ಒಂದು ಸಾಲನ್ನೂ ಹಾಗೆಯೇ ಬಿಡಿಸಿ ಓದಬೇಕಾಯಿತು. ಕಸಿಯ ನಂತರವೂ ಮದ್ದಿಗೆ ಬಗ್ಗದ ರಕ್ತದೊತ್ತಡಕ್ಕಾಗಿ ಎರಡೂ ಬದಿಯ ಸ್ವಂತ ಮೂತ್ರಪಿಂಡಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಎಂಬುದು ಅದರ ತಾತ್ಪರ್ಯ. ಅದರಲ್ಲಿ ಮೂರು ಮುಖ್ಯ ಪದಗಳಿದ್ದವು: ರೆಸಿಸ್ಟೆಂಟ್, ನೇಟಿವ್, ನೆಫ್ರೆಕ್ಟಮಿ. ಈ ಮೂರರ ಅರ್ಥ ನನ್ನೊಳಗೆ ಇಳಿಯಲು ಎರಡು ತಿಂಗಳು ಹಿಡಿಯಿತು.

ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. 2018ರಲ್ಲಿ, ಎಂ.ಎ. ಮುಗಿಸಿ ಶ್ರೀಮಠದ ಗ್ರಂಥ ಸಂಪಾದನೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕರಡು ತಿದ್ದುವಾಗ ಅಕ್ಷರಗಳು ಮಸುಕಾಗತೊಡಗಿದವು. ಕನ್ನಡಕ ಬೇಕಾಗಿದೆಯೆಂದು ಕಣ್ಣಿನ ವೈದ್ಯರ ಬಳಿ ಹೋದೆ. ಅವರು ಕಣ್ಣಿನ ಒಳಪದರವನ್ನು ಪರೀಕ್ಷಿಸಿ, ಕನ್ನಡಕದ ಮಾತು ಬಿಟ್ಟು, ಮೊದಲು ರಕ್ತದೊತ್ತಡ ನೋಡಿಸಿಕೊಂಡು ಬನ್ನಿ ಎಂದರು. 210/120 ಇತ್ತು. ಅದೇ ವಾರ ತಿಳಿದದ್ದು, ನನ್ನ ಎರಡೂ ಮೂತ್ರಪಿಂಡಗಳು ಸುಕ್ಕುಗಟ್ಟಿ ಕುಗ್ಗಿವೆಯೆಂದು. ಸಾಮಾನ್ಯವಾಗಿ 10ರಿಂದ 12 ಸೆಂಟಿಮೀಟರ್ ಉದ್ದವಿರಬೇಕಾದವು ಏಳಕ್ಕೆ ಇಳಿದಿದ್ದವು. ಯಾವ ರೋಗದಿಂದ ಹೀಗಾಯಿತೆಂದು ಹೇಳುವ ಹಂತ ದಾಟಿಹೋಗಿತ್ತು. ಅಷ್ಟು ಕುಗ್ಗಿದ ಮೇಲೆ ಚೂರು ತೆಗೆದು ಪರೀಕ್ಷಿಸಿದರೂ ಗಾಯದ ಕಲೆಯಲ್ಲದೆ ಬೇರೇನೂ ಕಾಣುವುದಿಲ್ಲವೆಂದರು.

ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯಿತು. 2019ರ ಡಿಸೆಂಬರಿನಲ್ಲಿ ಅವ್ವ ತನ್ನ ಒಂದು ಮೂತ್ರಪಿಂಡವನ್ನು ಕೊಟ್ಟಳು. ಅದನ್ನು ನನ್ನ ಕಿಬ್ಬೊಟ್ಟೆಯ ಬಲಭಾಗದಲ್ಲಿ ಕೂರಿಸಿ, ಅಲ್ಲಿಯ ರಕ್ತನಾಳಗಳಿಗೂ ಮೂತ್ರಕೋಶಕ್ಕೂ ಜೋಡಿಸಿದರು. ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ಡಯಾಲಿಸಿಸ್ ನಿಂತಿತು, ಊಟ ರುಚಿಸಿತು, ಮೂರು ತಿಂಗಳಲ್ಲಿ ಕೆಲಸಕ್ಕೆ ಮರಳಿದೆ. ರಕ್ತದೊತ್ತಡ ಮಾತ್ರ ನನ್ನನ್ನು ಬಿಡಲಿಲ್ಲ.

ಈಗ ಮೊದಲ ಪದ, ರೆಸಿಸ್ಟೆಂಟ್. ಮದ್ದಿಗೆ ಬಗ್ಗದ್ದು ಎಂದರ್ಥ. ಇದು ಬರಿಯ ಬೇಸರದ ಮಾತಲ್ಲ, ವೈದ್ಯಶಾಸ್ತ್ರದಲ್ಲಿ ಇದಕ್ಕೆ ನಿಶ್ಚಿತವಾದ ಲಕ್ಷಣವಿದೆ. ಬೇರೆ ಬೇರೆ ಬಗೆಯ ಮೂರು ಔಷಧಿಗಳನ್ನು, ಅವುಗಳಲ್ಲೊಂದು ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದು, ತಕ್ಕ ಪ್ರಮಾಣದಲ್ಲಿ ತೆಗೆದುಕೊಂಡರೂ ಒತ್ತಡ ಗುರಿಗೆ ಬಾರದಿದ್ದರೆ, ಅಥವಾ ಗುರಿಗೆ ತರಲು ನಾಲ್ಕು ಔಷಧಿ ಬೇಕಾದರೆ, ಅದನ್ನು ಹೀಗೆ ಕರೆಯುತ್ತಾರೆ. ಕಸಿಯಾದವರಿಗೆ 130/80ಕ್ಕಿಂತ ಕೆಳಗಿರಬೇಕೆಂಬುದು ವೈದ್ಯರು ಇಟ್ಟುಕೊಳ್ಳುವ ಗುರಿ. ನಾನು ಐದು ಬಗೆಯ ಮಾತ್ರೆ ನುಂಗಿಯೂ 165/100ರಲ್ಲಿದ್ದೆ. ಬೆಳಗಿನ ಜಾವ ತಲೆಯ ಹಿಂಭಾಗದಲ್ಲಿ ಏಳುವ ನೋವಿನಿಂದಲೇ ನನಗೆ ಎಚ್ಚರವಾಗುತ್ತಿತ್ತು.

ಮೊದಲ ವರ್ಷ ಇದಕ್ಕೆ ಕಾರಣ ಎದುರಿಗೇ ಇತ್ತು. ಹೊಸ ಅಂಗವನ್ನು ಶರೀರ ತಿರಸ್ಕರಿಸದಿರಲೆಂದು ಕೊಡುವ ಟ್ಯಾಕ್ರೊಲಿಮಸ್, ಪ್ರೆಡ್ನಿಸೊಲೋನ್ ಇವೆರಡೂ ರಕ್ತದೊತ್ತಡವನ್ನು ಏರಿಸುವ ಸ್ವಭಾವದವು. ಪ್ರಮಾಣ ಕಡಿಮೆಯಾದ ಹಾಗೆ ಒತ್ತಡವೂ ಇಳಿಯುತ್ತದೆಂದು ಕಾದೆವು, ಇಳಿಯಲಿಲ್ಲ. 2024ರ ಹೊತ್ತಿಗೆ ಕ್ರಿಯಾಟಿನಿನ್ 1.5 ಆಯಿತು, ಮೂತ್ರದಲ್ಲಿ ಪ್ರೋಟೀನು ಸೋರಲಾರಂಭಿಸಿತು, ಹೃದಯದ ಎಡಕೋಣೆಯ ಗೋಡೆ ದಪ್ಪವಾಗಿದೆಯೆಂದು ಎಕೋ ಪರೀಕ್ಷೆ ಹೇಳಿತು. ನನ್ನನ್ನು ಹೆದರಿಸಿದ್ದು ಹೃದಯದ ಮಾತಿಗಿಂತ ಆ 1.5 ಎಂಬ ಸಂಖ್ಯೆ. ಅವ್ವ ಕೊಟ್ಟದ್ದು ನನ್ನೊಳಗೆ ಸವೆಯುತ್ತಿದೆ ಎಂಬುದನ್ನು ಆ ಸಂಖ್ಯೆ ಹೇಳುತ್ತಿತ್ತು.

ನಮ್ಮ ವೈದ್ಯರು ಅವಸರದ ಸ್ವಭಾವದವರಲ್ಲ. ಹಳೆಯ ಮೂತ್ರಪಿಂಡಗಳ ಮೇಲೆ ನೇರವಾಗಿ ಆರೋಪ ಹೊರಿಸದೆ, ಉಳಿದ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಮಾತ್ರೆಗಳನ್ನು ನಿಜವಾಗಿಯೂ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆಯೇ ಎಂದು ನೋಯದ ಹಾಗೆ ಕೇಳಿದರು. ಉಪ್ಪಿನ ಲೆಕ್ಕ ಕೇಳಿದರು. ದಾಸೋಹದ ಊಟದ ಜೊತೆಗೆ ಉಪ್ಪಿನಕಾಯಿ, ಹಪ್ಪಳ ಬಿಡದ ನನ್ನ ಚಪಲ ಅಂದು ಬಯಲಾಯಿತು, ಬಿಟ್ಟೆ. 24 ಗಂಟೆ ತೋಳಿಗೆ ಯಂತ್ರ ಕಟ್ಟಿ ನಿದ್ದೆಯಲ್ಲಿಯೂ ಒತ್ತಡ ಅಳೆದರು. ರಾತ್ರಿ ಇಳಿಯಬೇಕಾದದ್ದು ನನ್ನಲ್ಲಿ ಇಳಿಯುತ್ತಿರಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ನೋಡಿದರು. ಕಸಿಯಾದ ಮೂತ್ರಪಿಂಡಕ್ಕೆ ಹೋಗುವ ಅಪಧಮನಿ ಕಿರಿದಾಗಿದ್ದರೂ ಒತ್ತಡ ಏರುವುದರಿಂದ ಡಾಪ್ಲರ್ ಮಾಡಿಸಿದರು. ಅದು ಚೆನ್ನಾಗಿ ತೆರೆದಿತ್ತು. ಹೊಸ ಮೂತ್ರಪಿಂಡದ ಚೂರು ತೆಗೆದು ನೋಡಿದರು. ತಿರಸ್ಕಾರದ ಗುರುತಿರಲಿಲ್ಲ, ಒತ್ತಡದಿಂದ ಸಣ್ಣ ರಕ್ತನಾಳಗಳು ದಪ್ಪವಾದ ಗುರುತಿತ್ತು. ಇಷ್ಟೆಲ್ಲ ಆದ ಮೇಲೆಯೇ ಅವರು ಆ ಸಾಲನ್ನು ಬರೆದದ್ದು. ಇದನ್ನು ವಿಸ್ತಾರವಾಗಿ ಹೇಳಲು ಕಾರಣವಿದೆ. ಶಸ್ತ್ರಚಿಕಿತ್ಸೆ ಈ ದಾರಿಯ ಮೊದಲ ಮೆಟ್ಟಿಲಲ್ಲ, ಕೊನೆಯ ಮೆಟ್ಟಿಲು.

ಎರಡನೆಯ ಪದ, ನೇಟಿವ್. ನಿಘಂಟು ನೋಡಿದರೆ ಸ್ವಂತದ್ದು, ಮೂಲದ್ದು, ಹುಟ್ಟಿನಿಂದ ಬಂದದ್ದು ಎಂಬ ಅರ್ಥಗಳಿವೆ. ನನ್ನನ್ನು ಕಟ್ಟಿಹಾಕಿದ್ದು ಇದೇ ಪದ.

ಕಸಿ ಮಾಡುವಾಗ ಹಳೆಯ ಮೂತ್ರಪಿಂಡಗಳನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಇಡುತ್ತಾರೆಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಸಾಮಾನ್ಯವಾಗಿ ಹಳೆಯವನ್ನು ಇದ್ದಲ್ಲಿಯೇ ಬಿಡುತ್ತಾರೆ. ತೆಗೆಯುವುದೆಂದರೆ ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆ. ಹೆಚ್ಚಿನವರಲ್ಲಿ ಅವು ತೊಂದರೆ ಕೊಡದೆ ಸುಮ್ಮನಿರುತ್ತವೆ. ಹೀಗಾಗಿ ಐದು ವರ್ಷ ನನ್ನೊಳಗೆ ಮೂರು ಮೂತ್ರಪಿಂಡಗಳಿದ್ದವು: ಬೆನ್ನಿನ ಕಡೆ ಕೆಲಸ ಬಿಟ್ಟ ಎರಡು, ಕಿಬ್ಬೊಟ್ಟೆಯಲ್ಲಿ ದುಡಿಯುವ ಒಂದು.

ಕೆಲಸ ಬಿಟ್ಟವು ತೊಂದರೆ ಕೊಡುವುದು ಹೇಗೆ? ಇದನ್ನು ತಿಳಿಯದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ನನಗೆ ಮನಸ್ಸಿರಲಿಲ್ಲ. ವೈದ್ಯರನ್ನು ಕೇಳಿದೆ, ಅವರು ಕೊಟ್ಟ ಪುಸ್ತಕಗಳನ್ನು ಓದಿದೆ. ಮೂತ್ರಪಿಂಡದ ಕಾಯಕ ರಕ್ತ ಸೋಸುವುದಷ್ಟೇ ಅಲ್ಲ. ತನಗೆ ರಕ್ತ ಸಾಲದಾದಾಗ ಶರೀರಕ್ಕೆ ಅದನ್ನು ತಿಳಿಸುವುದೂ ಅದರ ಕೆಲಸ. 1898ರಲ್ಲಿ ಸ್ಟಾಕ್‌ಹೋಮಿನ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಮೂತ್ರಪಿಂಡದ ಸಾರವನ್ನು ಬೇರೆ ಮೊಲಗಳಿಗೆ ಕೊಟ್ಟಾಗ ಅವುಗಳ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ಅವರು ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಗೆ ಬೆಳ್ಳಿಯ ಹಿಡಿಕೆ ಹಾಕಿ ರಕ್ತದ ಹರಿವನ್ನು ಇಳಿಸಿದಾಗ, ಇಡೀ ಶರೀರದ ರಕ್ತದೊತ್ತಡ ಏರಿ ನಿಂತಿತು. ರಕ್ತ ಸಾಲದಾದ ಮೂತ್ರಪಿಂಡ ರೆನಿನ್ ಸುರಿಸುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಎಂಬುದು ಹುಟ್ಟಿ ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪು ನೀರನ್ನು ಒಳಗೆ ಹಿಡಿದಿಡುತ್ತದೆ. ಇದರ ಜೊತೆಗೆ ರೋಗಗ್ರಸ್ತ ಮೂತ್ರಪಿಂಡದಿಂದ ನರಗಳ ಮೂಲಕ ಮಿದುಳಿಗೆ ಹೋಗುವ ಸಂದೇಶಗಳೂ ಒತ್ತಡವನ್ನು ಮೇಲಕ್ಕೆತ್ತುತ್ತವೆ.

ನಮ್ಮ ಕಡೆಯ ರೈತರಿಗೆ ಇದನ್ನು ಕಾಲುವೆಯ ಮಾತಿನಲ್ಲಿ ಹೇಳಬಹುದು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಆ ಹೊಲದವನು "ನೀರು ಬಿಡ್ರಿ, ಇನ್ನೂ ಬಿಡ್ರಿ" ಎಂದು ಕೂಗುತ್ತಾನೆ. ಅವನ ಹೊಲ ಬೀಳುಬಿದ್ದು ವರ್ಷಗಳಾದರೂ ಕೂಗು ನಿಲ್ಲುವುದಿಲ್ಲ. ಮೇಲಿನವರು ಕೂಗು ಕೇಳಿ ತೂಬು ಎತ್ತುತ್ತಲೇ ಇರುತ್ತಾರೆ. ನೀರಿನ ಭರಕ್ಕೆ ನಡುವಿನ ಹೊಲಗಳ ಬದು ಒಡೆಯುತ್ತದೆ. ನನ್ನೊಳಗೆ ಬದು ಒಡೆಯುತ್ತಿದ್ದ ಹೊಲ ಅವ್ವ ಕೊಟ್ಟ ಮೂತ್ರಪಿಂಡ.

ಆ ಕೂಗನ್ನು ಮಾತ್ರೆಯಿಂದ ಅಡಗಿಸಬಾರದೇ ಎಂದು ಕೇಳಬಹುದು. ರೆನಿನ್ನಿನ ದಾರಿಯನ್ನು ತಡೆಯುವ ಒಳ್ಳೆಯ ಔಷಧಿಗಳಿವೆ, ಅನೇಕರಿಗೆ ಅವು ಸಾಕಾಗುತ್ತವೆ. ನನಗೂ ಕೊಟ್ಟು ನೋಡಿದರು. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿತು. ಟ್ಯಾಕ್ರೊಲಿಮಸ್ ಕೂಡ ಪೊಟ್ಯಾಸಿಯಂ ಏರಿಸುವ ಔಷಧಿಯಾದ್ದರಿಂದ ಎರಡೂ ಸೇರಿ ಭಾರವಾಯಿತು. ಎರಡು ಸಲ ಪ್ರಯತ್ನಿಸಿ ಎರಡು ಸಲವೂ ನಿಲ್ಲಿಸಬೇಕಾಯಿತು.

ಈ ಓದಿನ ನಡುವೆ ನನಗೆ ಸಿಕ್ಕ ಒಂದು ಸಂಗತಿ ನನ್ನ ಅನುಮಾನವನ್ನು ಬಹುಮಟ್ಟಿಗೆ ಕಳೆಯಿತು. ಜಗತ್ತಿನಲ್ಲಿ ಮೊದಲ ಬಾರಿಗೆ ದೀರ್ಘಕಾಲ ಕೆಲಸ ಮಾಡಿದ ಮೂತ್ರಪಿಂಡ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ. ರೋಗಿಯ ಹೆಸರು ರಿಚರ್ಡ್ ಹೆರಿಕ್, 23 ವರ್ಷದ ತರುಣ. ಕೊಟ್ಟವನು ಅವನ ತದ್ರೂಪಿ ಅವಳಿ ಸಹೋದರ ರೊನಾಲ್ಡ್. ಕಸಿ ಮಾಡಿದ ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇಷ್ಟನ್ನು ಅನೇಕರು ಬಲ್ಲರು. ಆದರೆ ಮುಂದಿನ ಭಾಗ ಹೆಚ್ಚು ಜನರಿಗೆ ತಿಳಿಯದು. ಸಹೋದರನ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡಲಾರಂಭಿಸಿದ ಮೇಲೆಯೂ ರಿಚರ್ಡನ ರಕ್ತದೊತ್ತಡ ಇಳಿಯಲಿಲ್ಲ. ಅವನ ಸ್ವಂತ ರೋಗಗ್ರಸ್ತ ಮೂತ್ರಪಿಂಡಗಳೆರಡನ್ನೂ ಮುಂದೆ ತೆಗೆದ ಬಳಿಕವೇ ಅದು ಹತೋಟಿಗೆ ಬಂದಿತೆಂದು ಆ ವೈದ್ಯರು 1956ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅವಳಿಗಳಾದ್ದರಿಂದ ರಿಚರ್ಡನ ಶರೀರ ಹೊಸ ಅಂಗವನ್ನು ಪರಕೀಯವೆಂದು ಎಣಿಸಲಿಲ್ಲ; ತಿರಸ್ಕಾರ ತಡೆಯುವ ಔಷಧಿಗಳು ಅವನಿಗೆ ಬೇಕಾಗಲಿಲ್ಲ. ಆದ್ದರಿಂದ ಅವನ ಒತ್ತಡಕ್ಕೆ ಆ ಔಷಧಿಗಳು ಕಾರಣವೆನ್ನುವಂತಿರಲಿಲ್ಲ. ಹೊಸ ಮೂತ್ರಪಿಂಡ ಸರಿಯಿತ್ತು. ಉಳಿದದ್ದು ಹಳೆಯವು ಮಾತ್ರ. ಕಸಿಯ ಇತಿಹಾಸದ ಮೊದಲ ಪುಟದಲ್ಲಿಯೇ ನನ್ನ ಕಷ್ಟ ಬರೆದಿಟ್ಟಂತಿತ್ತು. ರಿಚರ್ಡ್ ಹೆರಿಕ್ ತನ್ನನ್ನು ಉಪಚರಿಸಿದ ದಾದಿಯನ್ನೇ ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿ, ಕಸಿಯ ನಂತರ ಎಂಟು ವರ್ಷ ಬದುಕಿದನು. ಕೊಟ್ಟ ರೊನಾಲ್ಡ್ ಗಣಿತದ ಶಿಕ್ಷಕನಾಗಿ ದುಡಿದು, 2010ರಲ್ಲಿ 79ನೆಯ ವಯಸ್ಸಿನಲ್ಲಿ ತೀರಿಕೊಂಡನು.

ನನ್ನ ಬುದ್ಧಿ ಒಪ್ಪಿತು. ಅವ್ವ ಒಪ್ಪಬೇಕಲ್ಲ! ಒಂದು ಸಂಜೆ ಅವಳು ಜೋಳ ಹಸನು ಮಾಡುತ್ತ ಕುಳಿತಿದ್ದಾಗ ವಿಷಯ ತೆಗೆದೆ. ಮರದಲ್ಲಿ ಆಡುತ್ತಿದ್ದ ಅವಳ ಕೈ ನಿಂತಿತು.

"ನಾ ಕೊಟ್ಟದ್ದು ಚಲೋ ಐತಲ್ಲಪಾ, ಮತ್ತ ಅವನ್ಯಾಕ ತಗೀತಾರ? ಇದ್ರ ಇರ್ಲಿ ಬಿಡು ಒಂದು ಮೂಲ್ಯಾಗ."

ಅವು ನನ್ನವು, ಕೆಟ್ಟಿವೆ, ನೀನು ಕೊಟ್ಟದ್ದನ್ನು ಹಾಳು ಮಾಡುತ್ತಿವೆ ಎಂದೆ.

"ನಿನ್ನವು ಅಂದ್ರ? ಅವನ್ನ ಯಾರ ಕೊಟ್ಟಾರ? ಅವನ್ನೂ ನಾನ ಕೊಟ್ಟೀನಿ. ಹೊಟ್ಯಾಗ ಇಟಗೊಂಡು ಕೊಟ್ಟೀನಿ."

ನಾನು ಮಾತಾಡಲಿಲ್ಲ. ಚೀಟಿಯಲ್ಲಿದ್ದ ನೇಟಿವ್ ಎಂಬ ಪದಕ್ಕೆ ಯಾವ ನಿಘಂಟೂ ಕೊಡದ ಅರ್ಥವನ್ನು ಅವ್ವ ಕೊಟ್ಟಿದ್ದಳು. ವೈದ್ಯರಿಗೆ ಒಂದು ದಾನಿಯದು, ಎರಡು ರೋಗಿಯವು. ಅವಳ ಲೆಕ್ಕದಲ್ಲಿ ಮೂರೂ ಅವಳವೇ. ಎರಡನೆಯ ಕೊಡುಗೆ ಉಳಿಯಬೇಕಾದರೆ ಮೊದಲ ಕೊಡುಗೆಯನ್ನು ಕಳೆದುಕೊಳ್ಳಬೇಕು ಎಂಬ ಮಾತನ್ನು ನಾನು ಅವಳೆದುರು ಆಡಿದ್ದೆ.

ಸುದ್ದಿ ಮನೆಯಿಂದ ಓಣಿಗೆ ಹೋಯಿತು. ಹಿರಿಯರೊಬ್ಬರು ಬಂದು, ನಮ್ಮಲ್ಲಿ ಶರೀರವನ್ನು ಮಣ್ಣಿಗೆ ಒಪ್ಪಿಸುವವರು ನಾವು, ಪೂರ್ತಿಯಾಗಿ ಒಪ್ಪಿಸಬೇಕು, ಹುಟ್ಟಿನಿಂದ ಬಂದದ್ದನ್ನು ಕೊಯ್ಸಿ ಆಸ್ಪತ್ರೆಯಲ್ಲಿ ಬಿಟ್ಟುಬರುವುದು ಸರಿಯೇ ಎಂದರು. ಅವ್ವನಿಗೆ ಆ ಮಾತು ನಾಟಿತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ನಾನು ಅವಳನ್ನು ಕರೆದುಕೊಂಡು ಪೂಜ್ಯರ ಬಳಿಗೆ ಹೋದೆ. ಅವರು ಎಲ್ಲವನ್ನೂ ಕೇಳಿದರು. ವೈದ್ಯರು ಏನೇನು ಪರೀಕ್ಷೆ ಮಾಡಿದ್ದಾರೆಂದು ನನ್ನನ್ನು ವಿಚಾರಿಸಿದರು. ಬಳಿಕ ಅವ್ವನ ಕಡೆ ತಿರುಗಿ, "ತಾಯಿ, ಐದು ವರ್ಷದ ಹಿಂದೆ ನಿಮ್ಮದೊಂದು ತೆಗೆದರಲ್ಲ, ಅಂದಿನಿಂದ ನಿಮ್ಮ ಪೂಜೆಯಲ್ಲಿ ಏನಾದರೂ ಕಡಿಮೆಯಾಗಿದೆಯೇ? ನಿಮ್ಮನ್ನು ಯಾರಾದರೂ ಅಪೂರ್ಣರೆಂದರೇ?" ಎಂದು ಕೇಳಿದರು. ಅವ್ವ ಇಲ್ಲವೆಂದು ತಲೆಯಾಡಿಸಿದಳು. "ನಿಮಗೆ ಆಗದ ಕೊರತೆ ನಿಮ್ಮ ಮಗನಿಗೂ ಆಗುವುದಿಲ್ಲ" ಎಂದಷ್ಟೇ ಹೇಳಿ ಪ್ರಸಾದ ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ತಗದ್ರ ನಂದು ಉಳೀತದೇನು?" ಉಳಿಯುತ್ತದೆಂದು ಮಾತು ಕೊಡುವ ಹಾಗಿರಲಿಲ್ಲ. ಉಳಿಯುವ ಅವಕಾಶ ಹೆಚ್ಚುತ್ತದೆ ಎಂದೆ. "ಹಂಗಾದ್ರ ತಗಸು" ಎಂದಳು.

ಮೂರನೆಯ ಪದ, ನೆಫ್ರೆಕ್ಟಮಿ. ಮೂತ್ರಪಿಂಡವನ್ನು ಕೊಯ್ದು ತೆಗೆಯುವುದು. ಹಿಂದಿನ ಕಾಲದಲ್ಲಿ ಇದಕ್ಕೆ ಪಕ್ಕೆಯಲ್ಲಿಯೋ ಹೊಟ್ಟೆಯಲ್ಲಿಯೋ ದೊಡ್ಡ ಗಾಯ ಮಾಡಬೇಕಾಗುತ್ತಿತ್ತು. 1990ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ರಾಲ್ಫ್ ಕ್ಲೇಮನ್ ಮತ್ತು ಅವರ ಸಂಗಡಿಗರು ಸಣ್ಣ ರಂಧ್ರಗಳ ಮೂಲಕ, ಅಂದರೆ ಲ್ಯಾಪರೊಸ್ಕೋಪಿಯಿಂದ, ಮೊದಲ ಬಾರಿಗೆ ಮೂತ್ರಪಿಂಡ ತೆಗೆದರು. ನನಗೂ ಅದೇ ವಿಧಾನವನ್ನು ಅನುಸರಿಸಿದರು. ಸ್ಟಿರಾಯ್ಡ್ ತೆಗೆದುಕೊಳ್ಳುವವರ ಗಾಯ ತಡವಾಗಿ ಮಾಯುತ್ತದೆ, ಸೋಂಕು ಬೇಗ ತಗಲುತ್ತದೆ. ಆದ್ದರಿಂದ ಗಾಯ ಸಣ್ಣದಿದ್ದಷ್ಟೂ ಒಳ್ಳೆಯದೆಂದರು.

ಒಪ್ಪಿಗೆಯ ಕಾಗದ ಓದುವಾಗ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ ಮಾತುಗಳನ್ನು ಇಲ್ಲಿಯೂ ಹೇಳಬೇಕು. ಒಂದು, ಶಸ್ತ್ರಚಿಕಿತ್ಸೆಯಿಂದ ಎಲ್ಲರ ಒತ್ತಡವೂ ಇಳಿಯುವುದಿಲ್ಲ; ಅನೇಕರಿಗೆ ಮಾತ್ರೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಬದಲಾಗುವುದಿಲ್ಲ. ಎರಡು, ರಕ್ತಸ್ರಾವ, ಸೋಂಕು, ಅಕ್ಕಪಕ್ಕದ ಅಂಗಗಳಿಗೆ ಪೆಟ್ಟು, ಈ ಅಪಾಯಗಳು ಇದ್ದೇ ಇವೆ. ಮೂರು, ಮುಂದೊಂದು ದಿನ ಕಸಿಯಾದ ಮೂತ್ರಪಿಂಡ ಕೈಬಿಟ್ಟರೆ, ಡಯಾಲಿಸಿಸ್ಸಿಗೆ ಮರಳುವಾಗ ಒಂದು ಹನಿ ಮೂತ್ರವೂ ಬರುವುದಿಲ್ಲ. ಕುಡಿಯುವ ನೀರಿನ ಮಿತಿ ಬಹಳ ಬಿಗಿಯಾಗುತ್ತದೆ, ರಕ್ತಹೀನತೆಯೂ ಹೆಚ್ಚಾಗಬಹುದು. ಈ ಮೂರನೆಯದರ ಮೇಲೆ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹಿಂದೆ ಹೋಗುವ ದಾರಿಯ ಕಾಲುಸಂಕವನ್ನು ನಾನೇ ಕಿತ್ತ ಹಾಗೆ ಅನಿಸಿತು. ಆಮೇಲೆ ಸಹಿ ಹಾಕಿದೆ.

2025ರ ಜನವರಿಯಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಒಂದೇ ಸಲಕ್ಕೆ ಎರಡನ್ನೂ ತೆಗೆದರು. ನಾಲ್ಕು ಗಂಟೆ ಹಿಡಿಯಿತಂತೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಜೋಪಾನವಾಗಿ ಉಳಿಸಿದರು. ಅವು ಹೋದರೆ ಬೇರೆಯೇ ಕಷ್ಟ.

ಆ ರಾತ್ರಿ ತೀವ್ರ ನಿಗಾ ಘಟಕದಲ್ಲಿ ಯಂತ್ರದ ಪರದೆಯ ಮೇಲೆ 100/58 ಎಂಬ ಸಂಖ್ಯೆ ಕಂಡಿತು. ಏಳು ವರ್ಷಗಳಿಂದ ಕಾಣದ ಸಂಖ್ಯೆ. ನನಗೆ ಸಂತೋಷವಾಯಿತು, ವೈದ್ಯರಿಗೆ ಆಗಲಿಲ್ಲ. ಒತ್ತಡ ಥಟ್ಟನೆ ಬಹಳ ಇಳಿದರೆ ಕಸಿಯಾದ ಮೂತ್ರಪಿಂಡಕ್ಕೆ ರಕ್ತ ಸಾಲದಾಗುತ್ತದೆ. ಉಳಿಸಲು ಹೊರಟದ್ದೇ ಕೆಡುತ್ತದೆ. ಒತ್ತಡದ ಮಾತ್ರೆಗಳನ್ನೆಲ್ಲ ತಡೆಹಿಡಿದು, ಸಲೈನ್ ಕೊಟ್ಟು, ಗಂಟೆಗೊಮ್ಮೆ ಮೂತ್ರ ಅಳೆಯುತ್ತ ದಾದಿಯರು ಬೆಳಗು ಮಾಡಿದರು. ಎರಡನೆಯ ದಿನ ಒತ್ತಡ 130ರ ಆಸುಪಾಸಿಗೆ ಬಂದು ನಿಂತಿತು. ಮೂತ್ರ ತಡೆಯಿಲ್ಲದೆ ಬರುತ್ತಿತ್ತು.

ತೆಗೆದವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಮೊದಲು ಹೊರಗೆ ನಿಂತಿದ್ದ ತಮ್ಮನಿಗೆ ತೋರಿಸಿದ್ದರು. "ಎಷ್ಟ ಇದ್ದುವು?" ಎಂದು ಅವ್ವ ಅವನನ್ನು ಕೇಳಿದಳು. "ಒಣ ಅಂಜೂರಿ ಇದ್ದಂಗ ಇದ್ದುವು" ಎಂದ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪಾಪ, ಮೊದಲ ಆಗಿದ್ರ ಅವೂ ಚಲೋ ಇದ್ದುವು" ಎಂದಳು. ದೂರದ ಊರಿನಲ್ಲಿ ತೀರಿಕೊಂಡ ನೆಂಟರ ಬಗ್ಗೆ ಆಡುವ ಮಾತಿನ ಹಾಗಿತ್ತು ಅದು. ಪ್ರಯೋಗಾಲಯದ ವರದಿಯಲ್ಲಿ ಗಾಯದ ಕಲೆಯಲ್ಲದೆ ಬೇರೇನೂ ಇರಲಿಲ್ಲ. ಇಂಥ ಹಳೆಯ ಮೂತ್ರಪಿಂಡಗಳಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಬೆಳೆಯುವುದುಂಟು, ಅದಿರಲಿಲ್ಲವೆಂಬುದು ಸಮಾಧಾನ.

ಫಲ ಒಂದೇ ದಿನದಲ್ಲಿ ಬರಲಿಲ್ಲ. ಮೂರು ತಿಂಗಳಲ್ಲಿ ಒಂದೊಂದೇ ಮಾತ್ರೆ ಕಳೆಯುತ್ತ ಐದರಿಂದ ಎರಡಕ್ಕೆ ಬಂದಿದ್ದೇನೆ. ಮನೆಯಲ್ಲಿ ಅಳೆದರೆ ಹೆಚ್ಚು ದಿನ 130ರ ಒಳಗಿರುತ್ತದೆ. ಕ್ರಿಯಾಟಿನಿನ್ 1.4ರಲ್ಲಿ ನಿಂತಿದೆ, 1.1ಕ್ಕೆ ಮರಳಲಿಲ್ಲ, ಮರಳುವುದೂ ಇಲ್ಲ. ಸವೆದದ್ದು ಸವೆದದ್ದೇ. ಮುಂದೆ ಸವೆಯುವ ವೇಗ ತಗ್ಗಿದೆ, ಅಷ್ಟೇ. ಅದೇ ವಾರ್ಡಿನಲ್ಲಿ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಶಿಕ್ಷಕರೊಬ್ಬರ ಪರಿಚಯವಾಯಿತು. ಅವರು ಈಗಲೂ ನಾಲ್ಕು ಮಾತ್ರೆ ನುಂಗುತ್ತಾರೆ, ಒತ್ತಡ ಸ್ವಲ್ಪವೇ ಇಳಿದಿದೆ. ನನ್ನ ಕಥೆಯನ್ನು ಓದುವವರು ಅವರ ಕಥೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಬೇಕು.

ಗದಗದ ಆ ತಂದೆಗೆ ನಾನು ತೆಗೆಸಿರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೊಸ ಮೂತ್ರಪಿಂಡದ ರಕ್ತನಾಳ ನೋಡಿದ್ದಾರೆಯೇ, ಔಷಧಿಗಳನ್ನು ಬದಲಿಸಿ ನೋಡಿದ್ದಾರೆಯೇ, ಉಪ್ಪು ಬಿಟ್ಟಿದ್ದೀರಾ, 24 ಗಂಟೆಯ ಅಳತೆ ಆಗಿದೆಯೇ ಎಂದು ಕೇಳಿದೆ. ಎರಡು ಆಗಿದ್ದವು, ಎರಡು ಆಗಿರಲಿಲ್ಲ. ಅವನ್ನು ಮಾಡಿಸಿ ವೈದ್ಯರೊಡನೆ ಮತ್ತೆ ಮಾತಾಡಿರೆಂದೆ. ಮಗ ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ. ಹೊರಡುವಾಗ, "ಸರ, ತಗದ ಮ್ಯಾಲೆ ಒಳಗ ಖಾಲಿ ಅನಸ್ತದೇನ್ರಿ?" ಎಂದು ಮೆಲ್ಲಗೆ ಕೇಳಿದ. ಇಲ್ಲ ತಮ್ಮಾ, ಬೆಳಿಗ್ಗೆ ತಲೆನೋವಿಲ್ಲದೆ ಎಚ್ಚರಾಗುತ್ತದೆ, ಅಷ್ಟೇ ಗೊತ್ತಾಗುತ್ತದೆ ಎಂದೆ.

ಈಗ ದಿನವೂ ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಮಠಕ್ಕೆ ಹೊರಡುವ ಮೊದಲು, ಬಿಪಿ ನೋಡುವ ಯಂತ್ರವನ್ನು ಜಗಲಿಗೆ ತರುತ್ತೇನೆ. ಡಯಾಲಿಸಿಸ್ಸಿಗಾಗಿ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರಿಂದ ಅಲ್ಲಿ ಪಟ್ಟಿ ಕಟ್ಟುವಂತಿಲ್ಲ. ಬಲಗೈಗೆ ಕಟ್ಟಿಕೊಂಡು ನನ್ನದನ್ನು ಅಳೆದು ಬರೆದಿಡುತ್ತೇನೆ. ಬಳಿಕ ಅವ್ವನ ಕೈಗೆ ಕಟ್ಟುತ್ತೇನೆ. ಒಂದು ಮೂತ್ರಪಿಂಡ ಕೊಟ್ಟವರೂ ತಮ್ಮ ರಕ್ತದೊತ್ತಡವನ್ನು ಆಗಾಗ ನೋಡಿಕೊಳ್ಳಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕು. ಕೊಟ್ಟವರ ಆರೋಗ್ಯವನ್ನು ಮನೆಯವರು ಮರೆಯುವುದೇ ಹೆಚ್ಚು. ನಾನೂ ಕೆಲವು ವರ್ಷ ಮರೆತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಅವಳಿಗೆ ಇಂಗ್ಲಿಷ್ ಅಂಕಿ ಓದಲು ಬರುವುದಿಲ್ಲ. ನಾನು ಎರಡೂ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತೇನೆ. ಇವತ್ತು ನನ್ನದು 126, ಅವಳದು 122.

"ನಂದ ಕಡಿಮಿ ಐತಿ ನೋಡು" ಎಂದು ನಕ್ಕು ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದಳು.